ಹಳ್ಳದಾಚೆಯ ಹೊಲದ ಹಳದಿ

ಪ್ರೀತಿಯ ಅತ್ತಿಗೆ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೇ ಮಾತಿಗೇ ತಮಾಷೆಗೆ ಇಳಿಯುತ್ತೇನೆ. ಮೊದಲಾದರೆ ನೀವು ಮೂರನೇ ಮಾತಿಗೆ ನಕ್ಕುಬಿಡುತ್ತಿದ್ದಿರಿ, ಹೇಳಬೇಕಾದ್ದು ಅಲ್ಲಿಗೇ ನಿಲ್ಲುತ್ತಿತ್ತು. ಈಗ ನೀವು ನಗುವುದಿಲ್ಲ, "ಅಣ್ಣನಿಗೆ ಕೊಡ್ತೀನಿ ಇರು" ಎಂದು ಫೋನನ್ನು ಆಚೆ ದಾಟಿಸುತ್ತೀರಿ. ಹಾಗಾಗಿ ಈ ಕಾಗದ. ಕೋಳಿ ಕೆದರಿದಂಥ ನನ್ನ ಅಕ್ಷರವನ್ನು ದಯವಿಟ್ಟು ಸಹಿಸಿಕೊಳ್ಳಿ. "ಭೂಪಟ ಬರೆಯೋನ ಕೈಬರಹವೇ ಹೀಗೆ ದಾರಿ ತಪ್ಪಿಸಿದ್ರೆ ಹೇಗೋ ಭೂಪ" ಎಂದು ನೀವೇ ಒಮ್ಮೆ ಹೇಳಿದ್ದಿರಿ. ಭೂಪಟದ ಭೂಪ ಎಂಬ ಬಿರುದು ನನಗೆ ಅಂಟಿದ್ದು ಅವತ್ತೇ.

ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಹಳ್ಳದಾಚೆಯ ಹೊಲದಲ್ಲಿ ಹೋದ ವರ್ಷ ನೀವು ಆಲೂಗಡ್ಡೆ ಹಾಕಿರಲಿಲ್ಲ. ಸಾಸಿವೆ ಹಾಕಿದ್ದಿರಿ. ಇದು ನಿಮಗೆ ಗೊತ್ತಿರುವುದೇ. ನನಗೂ ಗೊತ್ತಿದೆ ಎಂಬುದು ನಿಮಗೆ ಗೊತ್ತಿಲ್ಲ. ನಾಲ್ಕು ತಿಂಗಳಿಂದ, ಕೈಯಲ್ಲಿ ಪುರಾವೆ ಹಿಡಿದುಕೊಂಡೇ ಗೊತ್ತಿದೆ.

ಇಲ್ಲಿಗೇ ನಿಲ್ಲಿಸಿದರೆ ಇದು ಸರ್ಕಾರಿ ಸುತ್ತೋಲೆಯಾಗುತ್ತದೆ. ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ನಿಮ್ಮ ಮುಂದಿಡಬೇಕು.

ಕಾಲೇಜಿಗೆ ಸೇರಿದ ವರ್ಷ ಒಂದು ಟ್ರಂಕು, ಒಂದು ದಿಂಬು ಹೊತ್ತು ನಿಮ್ಮ ಮನೆಗೆ ಬಂದೆ. ನಿಮ್ಮ ಮದುವೆಯಾಗಿ ಇನ್ನೂ ಎಂಟೇ ತಿಂಗಳಾಗಿತ್ತು. ಮದುವೆಗೆ ಬಂದ ಉಡುಗೊರೆಗಳಲ್ಲಿ ವಾಪಸು ಕೊಡಲಾಗದ್ದು ಇವನೊಬ್ಬನೇ ಎಂದು ಅಣ್ಣ ಎಲ್ಲರಿಗೂ ಹೇಳುತ್ತಿದ್ದ. ನಿಮ್ಮ ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿಟ್ಟ ಉದ್ದನೆಯ ಚೌಕಳಿ ಪುಸ್ತಕ ನನ್ನ ಕಣ್ಣಿಗೆ ಬಿದ್ದದ್ದು ಮೊದಲ ವಾರದಲ್ಲೇ. ಅಡ್ಡಸಾಲಿಗೊಂದು ಹೊಲ, ಉದ್ದಸಾಲಿಗೊಂದು ವರ್ಷ. ನಮ್ಮವು ಮಾತ್ರವಲ್ಲ, ಬಿತ್ತನೆ ಆಲೂ ಬೆಳೆಗಾರರ ಸಂಘದ ಅಷ್ಟೂ ಜನರ ಹೊಲಗಳು. ಆಲೂಗೆ ಕಂದು, ಗೋಧಿಗೆ ಕಿತ್ತಳೆ, ಬಟಾಣಿಗೆ ಹಸಿರು, ಸಾಸಿವೆಗೆ ಹಳದಿ. ಸಂಘದ ತಪಾಸಣೆ ನಿಮ್ಮ ಪಾಲಿನ ಕೆಲಸ. ಪ್ರತಿ ಬೆಳೆಗಾಲಕ್ಕೂ ರಬ್ಬರ್ ಬೂಟು ಹಾಕಿಕೊಂಡು ಒಂದೊಂದೇ ಹೊಲ ತುಳಿದು ಬಂದು, ಬಣ್ಣದ ಪೆನ್ಸಿಲ್ ಹಿಡಿದು ಕೂರುತ್ತಿದ್ದಿರಿ. ಎಂ.ಎಸ್ಸಿ ಮಾಡಿದವನಿಗಿಂತ ಅಚ್ಚುಕಟ್ಟಾಗಿ ಬೆಳೆ ಸರದಿಯ ನಕ್ಷೆ ಬರೆಯುತ್ತಿದ್ದವರು ನೀವು. ಆ ಎಂ.ಎಸ್ಸಿ ಮಾಡಿದವನು ನಾನೇ ಆದ್ದರಿಂದ ಖಚಿತವಾಗಿ ಹೇಳಬಲ್ಲೆ.

ಈ ಸರದಿ ಯಾಕೆ ಎಂದು ಕೇಳಿದ್ದೆ. "ಆಲೂ ಮೇಲೆ ಆಲೂ ಹಾಕಿದ್ರೆ ಬೇರು ತಿನ್ನೋ ಹುಳು ಮಣ್ಣಲ್ಲೇ ಸಂಸಾರ ಹೂಡುತ್ತೆ. ಮೂರು ವರ್ಷ ಊಟ ಸಿಗದಿದ್ರೆ ತಾನಾಗೇ ಮನೆ ಖಾಲಿ ಮಾಡುತ್ತೆ. ನಿನ್ನ ಹಾಗಲ್ಲ, ಅದಕ್ಕೆ ಸ್ವಲ್ಪ ಮಾನ ಇದೆ" ಎಂದಿರಿ. ನಾನು ಆಗ ತಟ್ಟೆಯ ಮುಂದೆ ಮೂರನೇ ಸಲ ಬಡಿಸಿಕೊಳ್ಳುತ್ತಿದ್ದೆ.

ಪುಸ್ತಕದಲ್ಲಿ ಅಲ್ಲೊಂದು ಇಲ್ಲೊಂದು ಚೌಕಕ್ಕೆ ಬಣ್ಣವಿರಲಿಲ್ಲ. ಅಲ್ಲಿ ಸಣ್ಣಗೆ ಪೆನ್ಸಿಲಿನಲ್ಲಿ "ನಾ ಹೋಗಿಲ್ಲ" ಎಂದು ಬರೆದಿರುತ್ತಿದ್ದಿರಿ. ಪುಟ್ಟಿ ಹುಟ್ಟಿದ ವರ್ಷ ಅಂಥ ಚೌಕಗಳು ಹನ್ನೊಂದು. "ಅಣ್ಣ ನೋಡಿ ಬಂದು ಗೋಧಿ ಅಂತ ಹೇಳಿದಾನಲ್ಲ ಅತ್ತಿಗೆ, ಕಿತ್ತಳೆ ಹಚ್ಚಿಬಿಡಿ" ಎಂದೆ. "ಅವರು ಹೋದ್ರು. ನಾ ಹೋಗಿಲ್ಲ." ಹಿಂದಿನ ವರ್ಷ, ಮುಂದಿನ ವರ್ಷ ನೋಡಿದರೆ ನಡುವಿನದನ್ನು ಊಹಿಸಬಹುದಲ್ಲ ಎಂದು ನನ್ನ ಕಾಲೇಜಿನ ತರ್ಕ ಹೂಡಿದೆ. ಮಗುವನ್ನು ಹೆಗಲ ಮೇಲೆ ತಟ್ಟುತ್ತಲೇ ನೀವು ಹೇಳಿದಿರಿ: "ಊಹೆಗೆ ನನ್ನ ಹತ್ರ ಬಣ್ಣ ಇಲ್ಲ ಕಣೋ."

ನನ್ನ ಹತ್ತಿರ ಇತ್ತು. ನನ್ನ ಇಡೀ ಉದ್ಯೋಗ ನಿಂತದ್ದೇ ಅದರ ಮೇಲೆ.

ನಮ್ಮ ಕಚೇರಿಯ ಕೆಲಸ ನಿಮಗೆ ಗೊತ್ತು. ಎಂಟುನೂರು ಕಿಲೋಮೀಟರ್ ಮೇಲಿನಿಂದ ಐದು ದಿನಕ್ಕೊಮ್ಮೆ ಉಪಗ್ರಹ ನಿಮ್ಮ ಹೊಲಗಳನ್ನು ಇಣುಕುತ್ತದೆ. ಚಿತ್ರದ ಒಂದು ಚುಕ್ಕಿ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಚುಕ್ಕಿ ಯಾವಾಗ ಹಸಿರಾಯಿತು, ಎಷ್ಟು ದಿನ ಹಸಿರಾಗಿತ್ತು, ಯಾವಾಗ ಬೋಳಾಯಿತು ಎಂದು ನೋಡಿ, ಯಾವ ಬೆಳೆ ಎಂದು ಯಂತ್ರ ಹೇಳಬೇಕು. ಯಂತ್ರಕ್ಕೆ ಮೊದಲು ಯಾರಾದರೂ ಪಾಠ ಹೇಳಬೇಕಲ್ಲ. ಅದಕ್ಕೆ ನಿಮ್ಮ ಹಳೆಯ ಪುಸ್ತಕಗಳನ್ನೇ ಕೇಳಿ ತಂದೆ. ಬಿತ್ತನೆ ಗಡ್ಡೆಯ ಹೊಲದಲ್ಲಿ ಗಿಡ ಇನ್ನೂ ಹಸಿರಾಗಿರುವಾಗಲೇ ಸೊಪ್ಪನ್ನು ಸವರಿಬಿಡುತ್ತೀರಲ್ಲ, ರೋಗ ಗಡ್ಡೆಗೆ ಇಳಿಯಬಾರದೆಂದು? ಹಸಿರು, ಹಸಿರು, ಇದ್ದಕ್ಕಿದ್ದಂತೆ ಬೋಳು. ಇದೇ ಬಿತ್ತನೆ ಆಲೂವಿನ ಗುರುತು ಎಂದು ಯಂತ್ರಕ್ಕೆ ಕಲಿಸಿದೆ. ಯಾವ ಹೊಲ ತೋರಿಸಿ ಕಲಿಸಿದೆ ಗೊತ್ತೇ? ಅದೇ ಹಳ್ಳದಾಚೆಯದು. ನಕ್ಷೆಯ ಬಣ್ಣಗಳೂ ನಿಮ್ಮವೇ, ಕಂದು, ಕಿತ್ತಳೆ, ಹಸಿರು, ಹಳದಿ. ನಿಮ್ಮಿಂದ ತರದೇ ಇದ್ದದ್ದು ಒಂದೇ, ಆ ಖಾಲಿ ಚೌಕ. ಮೋಡ ಕವಿದ ದಿನ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ. ಅಂಥ ದಿನಗಳಿಗೆ ನಾನು, ಮೋಡಕ್ಕೆ ಮೊದಲಿನ ದಿನದಿಂದ ನಂತರದ ದಿನಕ್ಕೆ ಗೆರೆ ಎಳೆದು ತೇಪೆ ಹಾಕಿದೆ. ಮೋಡವನ್ನು ಮೋಡಿ ಮಾಡಿ ಮಾಯ ಮಾಡಿದ್ದಾನೆ ಎಂದು ಕಚೇರಿಯಲ್ಲಿ ಬೆನ್ನು ತಟ್ಟಿದರು. ತೇಪೆ ಎಲ್ಲಿದೆ ಎಂದು ಯಾರಿಗೂ ಕಾಣದಂಥ ತೇಪೆ.

ಹೋದ ವರ್ಷ ಒಂದು ಮಧ್ಯಾಹ್ನ ನೀವು ಫೋನ್ ಮಾಡಿದ್ದಿರಿ. ಹುಳು ಕಳೆಯಲೆಂದು ಮೊದಲ ಸಲ ಆ ಹೊಲಕ್ಕೆ ಸಾಸಿವೆ ಚೆಲ್ಲಿದ್ದಿರಿ, ಹೂ ತುಂಬಿದಾಗ ಕತ್ತರಿಸಿ ಮಣ್ಣಿಗೆ ಉತ್ತುಬಿಡುವ ಯೋಚನೆಯಲ್ಲಿದ್ದಿರಿ. "ಸೊಂಟದ ಮಟ್ಟ ಹಳದಿ ಕಣೋ. ಉಳೋಕೆ ಮನಸ್ಸು ಬರ್ತಿಲ್ಲ. ಉತ್ತುಬಿಟ್ರೆ ಒಂದು ಎಸಳೂ ಉಳಿಯಲ್ಲ. ಒಂದು ಸಲ ಬಂದು ನೋಡಿ ಹೋಗು" ಎಂದಿರಿ. ನಾನು ಏನೆಂದೆ, ನೆನಪಿದೆಯೇ? ನನಗಿದೆ. "ಮೇಲಿಂದ ನೋಡ್ತೀನಿ ಬಿಡಿ ಅತ್ತಿಗೆ."

ಆ ಹದಿನೈದು ದಿನ ಉಪಗ್ರಹ ಮೂರು ಸಲ ನಿಮ್ಮ ನೆತ್ತಿಯ ಮೇಲೆ ಹಾದುಹೋಯಿತು. ಮೂರು ಸಲವೂ ಮೋಡ. ಹೂವಿಗೆ ಮೊದಲು ಹಸಿರು ಕಂಡಿತ್ತು. ಮೋಡ ಸರಿಯುವ ಹೊತ್ತಿಗೆ ನೀವು ಉತ್ತಾಗಿತ್ತು. ಹಸಿರು, ನನ್ನ ತೇಪೆ, ಇದ್ದಕ್ಕಿದ್ದಂತೆ ಬೋಳು. ಯಂತ್ರ ಶಿಷ್ಯೋತ್ತಮನಂತೆ ಕಲಿಸಿದ ಪಾಠ ಒಪ್ಪಿಸಿತು: ಆಲೂಗಡ್ಡೆ. ಅದಕ್ಕೆ ಹಿಂದಿನ ವರ್ಷವೂ ಅಲ್ಲಿ ಆಲೂವೇ. ನಿಯಮ ಮುರಿದ ಹೊಲಗಳ ಪಟ್ಟಿಯಲ್ಲಿ ನಲವತ್ತೇಳನೆಯ ನಂಬರಿಗೆ, ಎಂದರೆ ನಿಮ್ಮ ಆ ಹೊಲಕ್ಕೆ, ಕೆಂಪು ಗುರುತು ಬಿತ್ತು.

ಸಂಘದ ಸಭೆಯಲ್ಲಿ ಆ ಪಟ್ಟಿಯನ್ನು ನಾನೇ ತೋರಿಸಬೇಕಿತ್ತು. ಅದಕ್ಕೆ ಎರಡು ದಿನ ಮೊದಲೇ ಆ ಕೆಂಪನ್ನು ನೋಡಿದೆ ಅತ್ತಿಗೆ. ಸಾಸಿವೆಯ ಫೋನು ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮೂರು ದಿನಗಳ ಮೂಲ ಚಿತ್ರ ತೆರೆದು ನೋಡಲು ಐದು ನಿಮಿಷ ಸಾಕಿತ್ತು. ಆದರೆ ನಮ್ಮ ಮೇಡಂ ಬಂದ ದಿನದಿಂದ ಹೇಳುತ್ತಿದ್ದ ಮಾತೊಂದಿತ್ತು: "ನಿಮ್ಮ ಸಂಬಂಧಿಕರ ಹೊಲ ಇದ್ರೆ ನೀವು ತಿದ್ದಬೇಡಿ, ನನಗೆ ಹೇಳಿ." ತಿದ್ದಬೇಡಿ ಎಂದಿದ್ದರು, ಹೇಳಿ ಎಂದೂ ಅಂದಿದ್ದರು. ನಾನು ಮೊದಲರ್ಧ ಮಾತ್ರ ಪಾಲಿಸಿದೆ. ಅತ್ತಿಗೆಯ ಹೊಲವನ್ನೂ ಬಿಡಲಿಲ್ಲ, ಎಂಥ ನಿಷ್ಠುರ ಎಂದು ನಾಲ್ಕು ಜನ ಅಂದಾರು ಎಂಬ ಆಸೆಯೊಂದು ಒಳಗೆ ಬಾಲ ಅಲ್ಲಾಡಿಸುತ್ತಿತ್ತು. ಮೇಲೆ ಉಪಗ್ರಹ, ಕೆಳಗೆ ನಾನೊಬ್ಬ ಪೂರ್ವಗ್ರಹ. ಈ ಶ್ಲೇಷೆ ಹೊಳೆದಾಗ ನನಗೇ ನಗು ಬರಲಿಲ್ಲ ಎಂದರೆ ನನ್ನ ಸ್ಥಿತಿ ನಿಮಗೆ ಅರ್ಥವಾಗಬಹುದು.

ಇನ್ನು ಆ ಸಭೆ. ಪ್ಲಾಸ್ಟಿಕ್ ಕುರ್ಚಿಗಳ ಉದ್ದನೆಯ ಹಾಲ್, ಒಂದು ಮೂಲೆ ಸುಕ್ಕಾದ ಪರದೆ, ಕೈಯಲ್ಲಿ ಕೆಂಪು ಬೆಳಕಿನ ಕಡ್ಡಿ ಹಿಡಿದ ನಾನು. ನಲವತ್ತೇಳು ಬಂದಾಗ ನೀವು ಎರಡನೇ ಸಾಲಿನಿಂದ ಎದ್ದು ನಿಂತಿರಿ. ಮಡಿಲಲ್ಲಿದ್ದ ಪುಸ್ತಕ ಎದೆಗೆ ಬಂತು. "ಅದು ಆಲೂ ಅಲ್ಲ, ಸಾಸಿವೆ. ಉತ್ತುಬಿಟ್ಟಿದೀವಿ" ಎಂದಿರಿ. ಉತ್ತ ಸಾಸಿವೆ ಎದ್ದುಬಂದು ಸಾಕ್ಷಿ ಹೇಳುವುದಿಲ್ಲ. ಹಳ್ಳ ದಾಟಿ ಆ ಮೂಲೆಗೆ ಹೋಗುವವರು ನೀವು, ಅಣ್ಣ ಇಬ್ಬರೇ. ಹಿಂದಿನ ಸಾಲಿನಿಂದ ಯಾರೋ ಮೆದುವಾಗಿ, "ಮನೆ ಖರ್ಚಿಗೆ ಅಂತ ಸ್ವಲ್ಪ ಹಾಕಿರ್ತಾರೆ ಬಿಡಿ ಪಾಪ" ಎಂದರು. ಆ "ಪಾಪ" ಕೇಳಿ ನಿಮ್ಮ ಮುಖ ಹೇಗಾಯಿತು ಎಂಬುದನ್ನು ನಾನು ನೋಡಿದೆ. ನೀವು ಗಲಾಟೆ ಮಾಡಲಿಲ್ಲ. ನನ್ನ ಕಡೆ ತಿರುಗಿ, ಮನೆಯಲ್ಲಿ ನೀರು ಕೇಳುವಷ್ಟು ಸಹಜವಾಗಿ, "ಇವನಿಗೆ ಗೊತ್ತು. ಹೂ ಬಿಟ್ಟಾಗ ಫೋನ್ ಮಾಡಿ ಹೇಳಿದ್ದೆ. ಹೇಳೋ" ಎಂದಿರಿ.

ಅಷ್ಟೂ ತಲೆಗಳು ನನ್ನತ್ತ ತಿರುಗಿದವು. ಹೌದು, ಹೇಳಿದ್ದರು. ಇಷ್ಟೇ ಮಾತು ಸಾಕಿತ್ತು. ಆ ಒಂದು ಕ್ಷಣದಲ್ಲಿ ಏನೇನು ಯೋಚನೆ ಬಂತು ಎಂದು ಹನ್ನೊಂದು ತಿಂಗಳಿಂದ ಬಗೆದು ನೋಡುತ್ತಿದ್ದೇನೆ. ಯಂತ್ರ ಸರಿ, ನೀವು ತಪ್ಪು ಎಂದು ನನಗೆ ಅನ್ನಿಸಿರಲಿಲ್ಲ. ನಿಮ್ಮ ಪರ ನಿಂತರೆ ಆ ಪರದೆಯ ಮುಂದೆ ನಾನು ಪಕ್ಕನೆ ನಿಮ್ಮ ಮೈದುನನಷ್ಟೇ ಆಗಿಬಿಡುತ್ತೇನೆ ಎಂದು ಭಯವಾಯಿತು. ಭಯವಾದಾಗ ನನ್ನ ನಾಲಿಗೆ ಏನು ಮಾಡುತ್ತದೆ ಎಂಬುದು ನಿಮಗೆ ಹೊಸದಲ್ಲ.

"ಅತ್ತಿಗೆ ಫೋನಲ್ಲಿ ಏನು ಬೇಕಾದ್ರೂ ಹೇಳ್ತಾರೆ. ಪಾಪ, ಉಪಗ್ರಹಕ್ಕೆ ಫೋನೂ ಇಲ್ಲ, ನೆಂಟರೂ ಇಲ್ಲ" ಎಂದೆ.

ಹಾಲ್ ಬಿದ್ದು ಬಿದ್ದು ನಕ್ಕಿತು. ನನ್ನ ಜನ್ಮದಲ್ಲೇ ಯಾವ ಹಾಸ್ಯಕ್ಕೂ ಅಷ್ಟು ದೊಡ್ಡ ನಗು ಸಿಕ್ಕಿರಲಿಲ್ಲ. ಆ ನಗು ನನಗೆ ಸುಖ ಕೊಟ್ಟಿತು ಅತ್ತಿಗೆ. ನಾಚಿಕೆಗೇಡಿನ ತಳ ಇದೇ ಎಂದುಕೊಂಡಿದ್ದೇನೆ. ಇದನ್ನು ಬರೆಯದೆ ಬಿಟ್ಟರೆ ಈ ಕಾಗದವೂ ಒಂದು ತೇಪೆಯೇ. ನೀವು ನಗು ನಿಲ್ಲುವವರೆಗೆ ನಿಂತೇ ಇದ್ದಿರಿ. ಆಮೇಲೆ ಪುಸ್ತಕವನ್ನು ಕೈಚೀಲಕ್ಕೆ ಹಾಕಿ, ಜಿಪ್ ಎಳೆದು, ಕುಳಿತಿರಿ. ಯಾರೂ ಅದನ್ನು ತೆರೆದು ನೋಡಲಿಲ್ಲ. ನಾನೂ ಕೇಳಲಿಲ್ಲ.

ಹೊಲ ಮೂರು ವರ್ಷಕ್ಕೆ ಬಿತ್ತನೆ ಪಟ್ಟಿಯಿಂದ ಹೊರಬಿತ್ತು. ಮರುದಿನ ಸಂಘದ ಕಚೇರಿಗೆ ಹೋಗಿ ತಪಾಸಣೆಯ ಬಿಲ್ಲೆ ಮೇಜಿನ ಮೇಲಿಟ್ಟು ಬಂದಿರಂತೆ. ಬೇರೆಯವರ ಹೊಲ ತುಳಿದು, "ಈ ವರ್ಷ ಬೇಡ, ಇನ್ನೊಂದು ವರ್ಷ ತಡೀರಿ" ಎಂದು ಹೇಳುವ ಹಕ್ಕು ತನ್ನ ಮೇಲೇ ಗುಮಾನಿ ಇರುವವಳಿಗೆ ಇಲ್ಲ ಎಂದಿರಂತೆ. ಅಣ್ಣ ಇದನ್ನು ಹೇಳಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಏಳು ತಿಂಗಳು ಕಳೆದವು. ನಮ್ಮ ನಕ್ಷೆಯ ಹೆಗ್ಗಳಿಕೆ ಹೇಳುವ ಒಂದು ಪೋಸ್ಟರಿಗೆ ಚಿತ್ರ ಬೇಕಾಗಿತ್ತು: ಎಡಗಡೆ ಮೋಡ ತುಂಬಿದ ದಿನ, ಬಲಗಡೆ ತೇಪೆ ಹಾಕಿದ ನಕ್ಷೆ. ಯಾವುದೋ ಒಂದು ಮೋಡದ ದಿನ ಎಂದು ಕಣ್ಣುಮುಚ್ಚಿ ತೆರೆದೆ. ಬಿಳಿ, ಬಿಳಿ, ಬಿಳಿ. ಅದರ ನಡುವೆ ಒಂದು ಕಿಂಡಿ, ಉಗುರಿನಷ್ಟು. ಮೋಡದ ಅಂಚಿನ ಚುಕ್ಕಿಗಳನ್ನು ನಂಬಬಾರದು ಎಂದು ಯಂತ್ರ ಅದನ್ನೂ ಎಸೆದಿತ್ತು. ಅಂಚನ್ನು ಅಷ್ಟು ಅಗಲ ಇಟ್ಟವನು ನಾನೇ, ಮುನ್ನೆಚ್ಚರಿಕೆಗೆಂದು. ಕಿಂಡಿಯೊಳಗೆ ಹಳ್ಳದ ಕೊಂಕು, ಅದರಾಚೆ ಹಳದಿ. ಹಳದಿ ಎಂದರೆ ಎಂಥ ಹಳದಿ! ಇಡೀ ಹೊಲ, ಬದುವಿನಿಂದ ಬದುವಿಗೆ. ಬಂದು ನೋಡು ಎಂದಿದ್ದಿರಲ್ಲ, ಮೇಲಿಂದ ನೋಡಿದೆ. ನೀವು ಅದನ್ನು ಉತ್ತು ಒಂಬತ್ತು ತಿಂಗಳಾದ ಮೇಲೆ.

ಅವತ್ತೇ ಹೇಳಬೇಕಿತ್ತು. ಪರದೆಯನ್ನು ಮುಚ್ಚಿ, ಪೋಸ್ಟರಿಗೆ ಬೇರೆ ದಿನದ ಮೋಡ ಹುಡುಕಿದೆ.

ಯಾಕೆ ಎಂದರೆ, ನಿಮ್ಮ ಹೊಲ ಒಂದೇ ಆಗಿರಲಿಲ್ಲ. ಅಂಥದೇ ತೇಪೆಯ ಮೇಲೆ ನಿಂತ ಹೊಲಗಳನ್ನು ಎಣಿಸಿದೆ, ಇನ್ನೂರ ಹನ್ನೆರಡು. ನಕ್ಷೆಯನ್ನು ಇನ್ನೂ ನಾಲ್ಕು ಕಡೆಗೆ ಹರಡುವ ಮಾತು ನಡೆದಿತ್ತು. ಒಂದು ನೂಲು ಎಳೆದರೆ ಇಡೀ ಬಟ್ಟೆಯೇ ಬಿಚ್ಚಿಕೊಳ್ಳುತ್ತದೆ, ಬಟ್ಟೆಯೊಳಗೆ ಇರುವವನು ನಾನು. ಇನ್ನೊಂದಷ್ಟು ಪರೀಕ್ಷಿಸಿ ಹೇಳೋಣ ಎಂದುಕೊಂಡೆ. ಪರೀಕ್ಷೆ ಎಂಬುದು ಎಷ್ಟು ಮರ್ಯಾದಸ್ಥ ಪದ ನೋಡಿ, ಅದರ ಹಿಂದೆ ನಾಲ್ಕು ತಿಂಗಳು ಆರಾಮವಾಗಿ ಅಡಗಿ ಕೂರಬಹುದು. ಪುಟ್ಟಿಯ ಹುಟ್ಟುಹಬ್ಬಕ್ಕೆ ಬಾರದೆ ಕೆಲಸದ ನೆಪ ಹೇಳಿದ್ದು ಈ ನಡುವೆಯೇ. ನಿಮ್ಮ ಅಡುಗೆಮನೆಯ ಕಿಟಕಿ ಕಟ್ಟೆಯನ್ನು ನೋಡುವ ಧೈರ್ಯವಿರಲಿಲ್ಲ.

ಹೋದ ವಾರ ಅಣ್ಣ ಫೋನ್ ಮಾಡಿದ್ದ. ಟ್ರ್ಯಾಕ್ಟರಿನ ಸದ್ದಿನ ನಡುವೆ ಅದೂ ಇದೂ ಮಾತಾಡಿ, ಇಡುವ ಮುಂಚೆ, "ನಿನ್ನ ಅತ್ತಿಗೆ ಪುಸ್ತಕ ಬರೆಯೋದು ಬಿಟ್ಟಿದಾಳೆ ಕಣೋ" ಎಂದ. ಸಂಘದ್ದು ಬಿಟ್ಟಿದ್ದು ಗೊತ್ತಲ್ಲ ಎಂದೆ. "ಅದಲ್ಲ. ನಮ್ಮ ಹೊಲದ್ದು. ನಿನ್ನೆ ತೆಗೆದು ನೋಡಿದೆ. ಹಳ್ಳದಾಚೆಯ ಹೊಲದ ಚೌಕಕ್ಕೆ 'ನಾ ಹೋಗಿಲ್ಲ' ಅಂತ ಬರೆದಿದಾಳೆ. ದಿನಾ ಹೋಗ್ತಾಳೆ ಕಣೋ. ಬಟಾಣಿ ಅವಳೇ ಹಾಕಿದ್ದು."

ಅಣ್ಣ ಇನ್ನೂ ಏನೋ ಹೇಳುತ್ತಿದ್ದ. ನನಗೆ ಕೇಳಿಸಲಿಲ್ಲ. ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೆ ಯಾವುದಕ್ಕೂ ಬಣ್ಣ ಹಚ್ಚದ ನಿಮ್ಮ ಕೈಯಲ್ಲಿ ನಾನು ಮೊದಲ ಸುಳ್ಳು ಬರೆಸಿದ್ದೆ.

ಮರುದಿನ ಬೆಳಿಗ್ಗೆ ಮೇಡಂ ಮುಂದೆ ಆ ಚಿತ್ರ ಇಟ್ಟೆ, ಫೋನಿನ ವಿಷಯ, ಸಭೆಯ ವಿಷಯ, ಎಲ್ಲ ಹೇಳಿದೆ. ಅವರು ಹಳದಿಯನ್ನು ತುಂಬ ಹೊತ್ತು ನೋಡಿದರು. "ನಾಲ್ಕು ತಿಂಗಳು ಏನು ಮಾಡ್ತಿದ್ರಿ?" ಎಂದು ಕೇಳಿದರು. ತಮಾಷೆಯ ಉತ್ತರವೊಂದು ನಾಲಿಗೆಯ ತುದಿಗೆ ಬಂತು. ನುಂಗಿದೆ. "ಹೆದರಿಕೊಂಡಿದ್ದೆ" ಎಂದೆ. ಹೊಸ ಕಡೆಗಳಿಗೆ ನಕ್ಷೆ ಹೋಗುವುದು ನಿಂತಿದೆ. ಅದರ ಉಸ್ತುವಾರಿ ಇನ್ನು ಮುಂದೆ ಬೇರೆಯವರದು. ಸರಿಯಾಗಿಯೇ ಇದೆ. ತಿದ್ದುವ ಕೆಲಸ ಮಾತ್ರ ನನಗೇ ಬಿಟ್ಟಿದ್ದಾರೆ.

ಇನ್ನೂರ ಹನ್ನೆರಡು ಹೊಲಗಳ ತೇಪೆ ಕಿತ್ತಿದ್ದೇನೆ. ಅಲ್ಲಿ ಈಗ ಬಣ್ಣವಿಲ್ಲ. ನಕ್ಷೆಯ ಮೂಲೆಯ ಬಣ್ಣದ ಪಟ್ಟಿಯಲ್ಲಿ ಕಂದು, ಕಿತ್ತಳೆ, ಹಸಿರು, ಹಳದಿ ಆದ ಮೇಲೆ ಒಂದು ಖಾಲಿ ಚೌಕವಿದೆ, ಪಕ್ಕದಲ್ಲಿ "ನಾ ಹೋಗಿಲ್ಲ" ಎಂದಿದೆ. ಇದನ್ನು "ದತ್ತಾಂಶ ಅಲಭ್ಯ" ಎಂದು ಬದಲಾಯಿಸಿ ಎಂದು ಮೇಡಂ ಹೇಳಿದರು. ನನ್ನ ಕಡೆಯಿಂದ ಒಂದೇ ಒಂದು ಕೋರಿಕೆ ಎಂದು ಕೈಮುಗಿದೆ. ಇದು ಯಾರ ಮಾತು ಎಂದು ಕೇಳಿದರು. ಹೇಳಿದೆ. ಹಾಗೇ ಇರಲಿ ಎಂದರು.

ನಲವತ್ತೇಳು ಮಾತ್ರ ಖಾಲಿ ಇಲ್ಲ. ಹಳದಿ ಇದೆ.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಸಂಘದ ಸಭೆ, ಅದೇ ಹಾಲ್. ಆ ಸುಕ್ಕು ಪರದೆಯ ಮೇಲೆ ಮೋಡದ ಕಿಂಡಿಯನ್ನು ದೊಡ್ಡದು ಮಾಡಿ ತೋರಿಸುತ್ತೇನೆ. ಆಮೇಲೆ ಹೇಳಬೇಕಾದ್ದನ್ನು ಬರೆದಿಟ್ಟುಕೊಂಡಿದ್ದೇನೆ, ನಾಲಿಗೆಯನ್ನು ನಂಬುವ ಹಾಗಿಲ್ಲವಲ್ಲ. "ಉಪಗ್ರಹಕ್ಕೆ ಫೋನೂ ಇಲ್ಲ, ನೆಂಟರೂ ಇಲ್ಲ ಎಂದು ಇಲ್ಲೇ ನಿಂತು ಹೇಳಿದ್ದೆ. ನನಗೆ ಎರಡೂ ಇದ್ದವು. ಅವರು ಫೋನ್ ಮಾಡಿದ್ದರು, ಸಾಸಿವೆ ಎಂದು ಹೇಳಿದ್ದರು. ಗೊತ್ತಿದ್ದೂ ನಾನು ನಿಮ್ಮನ್ನು ನಗಿಸಿದೆ." ಇಷ್ಟೇ. ಯಾರೂ ನಗಲಾರರು. ನಕ್ಕರೆ ಅದೂ ನನ್ನ ಪಾಲಿಗೆ ಬರಬೇಕಾದ್ದೇ.

ನೀವು ಬರಲೇಬೇಕು ಎಂದು ಕೇಳುತ್ತಿಲ್ಲ. ನಿಮ್ಮ ಮುಖ ಕಂಡರೆ ಧೈರ್ಯ ಬರುತ್ತದೆ ಎಂಬ ಲೆಕ್ಕಾಚಾರದಲ್ಲಿ ಕರೆದರೆ ಅದು ಮತ್ತೆ ನನ್ನ ಸ್ವಾರ್ಥ. ಬಿಲ್ಲೆಯನ್ನು ಮರಳಿ ತೆಗೆದುಕೊಳ್ಳಿ ಎನ್ನುವ ಯೋಗ್ಯತೆಯೂ ನನಗಿಲ್ಲ. ಕೇಳುವವರು ಸಂಘದವರು, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಕ್ಷಮಿಸಿ ಎಂದೂ ಬರೆಯುವುದಿಲ್ಲ. ಬರೆದರೆ ನೀವು ಕ್ಷಮಿಸಿಬಿಡುತ್ತೀರಿ, ನಿಮ್ಮ ಗುಣ ನನಗೆ ಗೊತ್ತು.

ಒಂದು ವಿಷಯ ಮಾತ್ರ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಮನೆಗೆ ಬರುವುದಿಲ್ಲ, ನೀವು ಕರೆಯದೆ. ಸೀದಾ ಹಳ್ಳ ದಾಟಿ ಆ ಹೊಲಕ್ಕೆ ಹೋಗುತ್ತೇನೆ. ಹದಿಮೂರು ವರ್ಷಗಳಲ್ಲಿ ಅದನ್ನು ಸಾವಿರ ಸಲ ನೋಡಿದ್ದೇನೆ, ಒಂದು ಸಲವೂ ಅದರೊಳಗೆ ಕಾಲಿಟ್ಟಿಲ್ಲ. ಈ ಬದುವಿನಿಂದ ಆ ಬದುವಿಗೆ ನಡೆದು, ಬಟಾಣಿಯನ್ನು ಕೈಯಲ್ಲಿ ಮುಟ್ಟಿ ನೋಡಿ ಹಿಂದಿರುಗುತ್ತೇನೆ. ಪುಸ್ತಕದ ಆ ಚೌಕದಲ್ಲಿ ನೀವು ಬರೆದಿರುವ ಮಾತು ನಿಜವಾಗಿ ನಾನು ಬರೆಯಬೇಕಾದದ್ದು ಅತ್ತಿಗೆ. ಅದನ್ನು ಅಳಿಸಿ. ಹಸಿರು ಪೆನ್ಸಿಲ್ ಚಿಕ್ಕದಾಗಿರಬಹುದು, ಹೊಸದೊಂದನ್ನು ಇದರ ಜೊತೆ ಕಳಿಸುತ್ತಿದ್ದೇನೆ.

ನಿಮ್ಮ ಹೊಲದಲ್ಲಿ ಹೂ ತುಂಬಿದ ದಿನಗಳಲ್ಲೆಲ್ಲ ಆಕಾಶ ತಿಳಿಯಾಗಿರಲಿ. ಇರದಿದ್ದರೂ ನಿಮ್ಮ ಮಾತೇ ಸಾಕಾಗುವಷ್ಟು ಬುದ್ಧಿ ಕೆಳಗಿನವರಿಗಿರಲಿ.

ತಲೆ ತಗ್ಗಿಸಿ,
ನಿಮ್ಮ ಭೂಪ